ಅಮ್ಮನ ಗದ್ದದ ಗೆರೆ

ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸುವುದರಲ್ಲಿ ನಮ್ಮಪ್ಪನದು ಎತ್ತಿದ ಕೈ. ಮೊಡವೆ, ಸುಕ್ಕು, ಕಣ್ಣ ಕೆಳಗಿನ ಕಪ್ಪು, ಎಲ್ಲವೂ ಆ ಮೊನೆಗೆ ಮಾಯ. ಗಾಜಿನ ಮೇಜಿನ ಕೆಳಗೆ ದೀಪ ಹಚ್ಚಿ, ಉಸಿರು ಬಿಗಿಹಿಡಿದು ಕೂರುತ್ತಿದ್ದ. ಆಗ ನಾನು ಸೀನಿದರೂ ಬೈಗುಳ. ಆಹಾ, ಎಂಥ ದಿನಗಳವು! ಫೋಟೋ ತೆಗೆಸಲು ಸ್ಟುಡಿಯೋಗೆ ಬಂದವರು ಕನ್ನಡಿಯ ಮುಂದೆ ತಲೆ ಬಾಚಲು ಸಾಲು ನಿಲ್ಲುತ್ತಿದ್ದರು. ಅಮ್ಮ ಲೈಟ್ ಸ್ಟ್ಯಾಂಡ್ ಹಿಡಿದು, "ಗದ್ದ ಸ್ವಲ್ಪ ಎತ್ತಿ, ಯಾರೂ ಕದ್ದೊಯ್ಯಲ್ಲ" ಎಂದು ನಗಿಸುತ್ತಿದ್ದಳು.

ಅವಳ ಗದ್ದದ ಮೇಲೇ ಒಂದು ಗಾಯದ ಗೆರೆ. ಮದುವೆಯಾದ ಹೊಸತರಲ್ಲಿ ಅಪ್ಪ ಸರಿಯಾಗಿ ತಿರುಪು ಬಿಗಿಯದ ಸ್ಟ್ಯಾಂಡ್ ಅವಳ ಮುಖದ ಮೇಲೆ ಬಿದ್ದಿತ್ತು. ಆಮೇಲೆ ಅವಳದೊಂದು ದೊಡ್ಡ ಫೋಟೋ ಮಾಡಿ ಸ್ಟುಡಿಯೋ ಗೋಡೆಗೆ ಹಾಕಿದ. ಅದರಲ್ಲಿ ಗೆರೆ ಇರಲಿಲ್ಲ. "ಯಾರ್ರೀ ಇವಳು? ನಿಮ್ ಸ್ಟುಡಿಯೋಗೆ ಕಾಲೇ ಇಡದೋಳ ಥರ ಇದಾಳೆ" ಎಂದು ಅಮ್ಮ ಅದನ್ನು ಇಳಿಸಿಯೇಬಿಟ್ಟಳು. ನಲವತ್ತು ವರ್ಷ ಆ ಮೊಳೆ ಖಾಲಿ ಉಳಿಯಿತು.

ಈಗ ಯಾರು ಬರುತ್ತಾರೆ? ಫೋನಿಗೆ ಮುಖ ತೋರಿಸಿದರೆ ಎಐ ಕೋಟು ತೊಡಿಸಿ, ಹಿನ್ನೆಲೆ ಬದಲಿಸಿ ಕೊಡುತ್ತದೆ. ನಾನೂ ಅಪ್ಪನೂ ನೊಣ ಹೊಡೆಯುತ್ತಾ ಕೂತು ಕೂತು, ಕಡೆಗೆ ಸೋಮವಾರ ಅಂಗಡಿ ಬಿಡುವುದೆಂದು ತೀರ್ಮಾನವಾಯಿತು. "ಬಾಗಿಲು ಹಾಕೋ ಮುಂಚೆ ನಿಮ್ಮಮ್ಮನ ಫೋಟೋ ಒಂದ್ಸಲ ಆ ಮೊಳೆಗೆ ಬರ್ಬೇಕು ಕಣೇ" ಎಂದ ಅಪ್ಪ. ಉಳಿದದ್ದು ಅದೊಂದೇ ಆಸೆ.

ನಾನು ಮಹಾ ಜಾಣೆಯಲ್ಲವೇ! ನೆಂಟರು ತೆಗೆದಿದ್ದ ಅಮ್ಮನ ಹಳೇ ಫೋಟೋವನ್ನು ಎಐಯಿಂದ ದೊಡ್ಡದು ಮಾಡಿಸಿ ತಂದೆ. ಕೆನ್ನೆ ನುಣುಪು, ಹಲ್ಲು ಸಾಲು, ಗೆರೆ ಮಂಗಮಾಯ. ಅಪ್ಪ ಕೆರಳಿದ.

"ಇವಳ ಗಾಯ ಎಲ್ಲೇ? ಅಳಿಸು ಅಂತ ಇದಕ್ಕೆ ಯಾರು ಹೇಳಿದ್ರು?"

"ನಿಮಗೆ ಯಾರು ಹೇಳಿದ್ರು?" ಅಮ್ಮ ಸೊಂಟಕ್ಕೆ ಕೈಯಿಟ್ಟಳು. "ಅದೂ ಅಷ್ಟೇ, ನೀವೂ ಅಷ್ಟೇ. ಅಳಿಯ ಅಲ್ಲ, ಮಗಳ ಗಂಡ!"

ಅಪ್ಪ ಆ ಫೋಟೋವನ್ನು ಬೋರಲು ಹಾಕಿ, "ನನ್ನ ತಪ್ಪನ್ನ ದಿನಾ ಗೋಡೆ ಮೇಲೆ ಹೆಂಗೆ ನೋಡ್ಲಿ ಅಂತ ಅಳಿಸಿದ್ದು" ಎಂದ. ಎದ್ದು, ಹಳೇ ಡಬ್ಬಗಳನ್ನೆಲ್ಲ ತಡಕಾಡಿ, ಅಮ್ಮ ಅಂದು ಇಳಿಸಿದ್ದ ಫೋಟೋದ ನೆಗೆಟಿವ್ ಹುಡುಕಿದ. ಹತ್ತಿಯನ್ನು ಟರ್ಪಂಟೈನಿಗೆ ಅದ್ದಿ ಗದ್ದದ ಜಾಗವನ್ನು ಮೆಲ್ಲಗೆ ಒರೆಸಿದ. ನಲವತ್ತು ವರ್ಷದ ಪೆನ್ಸಿಲ್ ಹತ್ತಿಗೆ ಅಂಟಿಕೊಂಡು ಬಂತು.

ಡಾರ್ಕ್‌ರೂಮಿನ ಕೆಂಪು ಬೆಳಕಿನಲ್ಲಿ, ಉಳಿದಿದ್ದ ಕೊನೆಯ ಫೋಟೋ ಹಾಳೆಗೆ ಆ ನೆಗೆಟಿವ್ ಮೂಲಕ ಬೆಳಕು ಹಾಯಿಸಿ ದ್ರಾವಣಕ್ಕೆ ಇಳಿಸಿದ. ಮೊದಲು ಕೂದಲು, ಆಮೇಲೆ ಕಣ್ಣು, ಕಡೆಗೆ ಗದ್ದ. ಗೆರೆ ಇತ್ತು. ಅಪ್ಪ ಅತ್ತುಬಿಟ್ಟ. ಸುಳ್ಳೇಕೆ, ನನಗೂ ತಡೆಯಲಾಗಲಿಲ್ಲ.

ಫೋಟೋ ಹಾಕಲು ಅಮ್ಮನೇ ಸ್ಟೂಲ್ ಹತ್ತಿದಳು. "ಮೊಳೆ ಗಟ್ಟಿ ಇದೆ ತಾನೇ? ನೀವು ಬಿಗಿದದ್ದನ್ನ ನಂಬಕ್ಕಾಗಲ್ಲಪ್ಪ." ಇಳಿದು, ಒಂದು ಹೆಜ್ಜೆ ಹಿಂದೆ ನಿಂತು ನೋಡಿದಳು. ಸೋಮವಾರಕ್ಕೆ ಇನ್ನೆರಡೇ ದಿನ.

"ಹಾಂ, ಈಗ ಸರಿ. ಇವಳು ಇಲ್ಲಿ ಕೆಲಸ ಮಾಡಿದೋಳು."