ಬಾಡಿಗೆ ಹಂತಕನಿಗೆ ಚಹಾ ಕೊಟ್ಟವನ ದನಿ

ಆ ಸಿನಿಮಾದಲ್ಲಿ ಬಾಡಿಗೆ ಹಂತಕನೊಬ್ಬ ಯಾರನ್ನೋ ಕೊಲ್ಲಲು ಬೀದರಿಗೆ ಬರುತ್ತಾನೆ. ಹಳೆ ಊರಿನ ಗಲ್ಲಿಯ ಚಹಾದಂಗಡಿಯಲ್ಲಿ ವಿಚಾರಿಸುತ್ತಾನೆ. ಅಂಗಡಿಯವನು, "ಅಂವ ಮನ್ಯಾಗಿಲ್ರಿ. ಔರಾದಕ್ಕ ಹೋಗ್ಯಾನ. ಕುಂದರ್ರಿ, ಚಾ ಕುಡೀರಿ" ಅನ್ನುತ್ತಾನೆ. ಪಾತ್ರ ಅಷ್ಟೇ. ಅದನ್ನು ಮಾಡಿದವನು ನನ್ನ ಗೆಳೆಯ. ಭಾಲ್ಕಿಯಲ್ಲಿ ನಾನು ಕಾಲೇಜಿನ ಗುಮಾಸ್ತ. ಅವನು ಅಲ್ಲಿನ ದವಸದ ಮಂಡಿಯ ಅಡತಿ ಅಂಗಡಿಯಲ್ಲಿ ತೊಗರಿ, ಸೋಯಾಬೀನ್ ರಾಶಿಗಳ ಹರಾಜಿನ ಸವಾಲು ಕೂಗುವವನು. ಅವನು ಕೂಗಿದರೆ ರಸ್ತೆಯಾಚೆಯ ಆಟೋದವರೂ ಒಮ್ಮೆ ತಿರುಗಿ ನೋಡುತ್ತಿದ್ದರು.

ಅವನ ಗಂಟಲಲ್ಲಿ ಗಡ್ಡೆಯಾಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ಹೈದರಾಬಾದಿನ ಡಾಕ್ಟರು ಮುಂದಿನ ತಿಂಗಳಿಗೆ ದಿನ ಕೊಟ್ಟರು. ಅವನ ಹೆಂಡತಿ ನನ್ನನ್ನು ಬಾಗಿಲಲ್ಲೇ ತಡೆದು, "ಅಣ್ಣಾರ, ಇವರ ದನಿ ಎಲ್ಲ್ಯಾದರೂ ತುಂಬಿ ಇಡ್ರಿ. ಆಮ್ಯಾಗ ನಾ ಏನ್ ಕೇಳ್ಲಿ" ಅಂದಳು. ಅದೇ ವಾರ ಬೀದರಿನಲ್ಲಿ ಚಿತ್ರತಂಡವೊಂದು ಊರಿನ ಮುಖಗಳನ್ನು ಹುಡುಕುತ್ತಿದೆ ಎಂದು ಗೊತ್ತಾಯಿತು. ಹೋಗಿ ಅವನ ಫೋಟೊ, ಅವನ ನಂಬರು, ಇರಲಿ ಅಂತ ನನ್ನ ನಂಬರನ್ನೂ ಕೊಟ್ಟು ಬಂದೆ. ಆಯ್ಕೆಯೂ ಆಯಿತು, ಶೂಟಿಂಗು ಆಪರೇಷನ್ನಿಗೆ ಮುಂಚೆಯೇ.

ಆದರೂ ಒಂದು ಸಂಜೆ ನನ್ನ ಫೋನು ಅವನ ಮುಂದೆ ಹಿಡಿದು ಕೂತೆ. ಇಡೀ ಮಂಡಿಗೆ ಕೇಳುವಂತೆ ಕೂಗುವ ಮನುಷ್ಯ, ನಾನು ರೆಕಾರ್ಡ್ ಒತ್ತುವ ಮೊದಲೇ ಅದನ್ನು ಕೈಯಿಂದ ಸರಿಸಿದ.

"ಏನ್ ಮಾತಾಡ್ಲೋ? ಸಾಯೂಕಿಂತ ಮೊದಲ ಹೇಳಿಕಿ ಕೊಟ್ಟಂಗ ಆಗ್ತದ. ತೆಗಿ ಆ ಕಡಿ. ಸಿನಿಮಾದಾಗ ಬರ್ತದಲ್ಲ, ಅದನ್ನೇ ಅಕಿ ಕೇಳ್ಕೋತ ಕುಂದರ್ಲಿ."

ನನಗೂ ಅದು ಸರಿ ಅನಿಸಿತು.

ಚಿಂತೆ ಮಾಡುವುದರಲ್ಲಿ ಭಾಲ್ಕಿ ತಾಲೂಕಿನಲ್ಲಿ ನನ್ನನ್ನು ಮೀರಿಸುವವರಿಲ್ಲ. ಶೂಟಿಂಗ್ ದಿನ, ಹಂತಕನ ಪಿಸ್ತೂಲು ಖಾಲಿ ಇದೆಯೇ ಎಂದು ಸಹಾಯಕ ನಿರ್ದೇಶಕನನ್ನು ಮೂರು ಸಲ ಕೇಳಿದೆ. ಬೇಸತ್ತು ಅವನು ಅದನ್ನು ನನ್ನ ಕೈಗೇ ಕೊಟ್ಟ. ರಬ್ಬರಿನದು. "ಇಂವ ಬಂದ್ರ ಗುಂಡಿಗೂ ಬಿಪಿ ಏರ್ತದ್ರಿ ಸರ್" ಎಂದು ಗೆಳೆಯ ನಕ್ಕ. ನಡುವೆ ಕುಡಿಯಲು ಕೊಟ್ಟ ಬಿಸಿ ಚಹಾದಿಂದ ಅವನ ಗಂಟಲು ಸುಟ್ಟೀತೆಂದು ಅದನ್ನೂ ಆರಿಸಿಟ್ಟೆ. ಅವನ ದನಿ ಆಗಲೇ ಕೆರೆದಂತಾಗಿತ್ತು. ನಿರ್ದೇಶಕರಿಗೆ ಅದೇ ಹಿಡಿಸಿತು. ಇಂಥ ಕತ್ತಲೆಯ ಕಥೆಗೆ ಇಂಥ ಗಂಟಲೇ ಬೇಕು ಅಂದರು. ಆರು ಸಲ ಹೇಳಿಸಿದರು. ಆರೂ ಸಲ ಕೋಲಿಗೆ ಕಟ್ಟಿದ ದೊಡ್ಡ ಮೈಕು ಅವನ ತಲೆಯ ಮೇಲೆ ತೂಗುತ್ತಿತ್ತು. ಅದನ್ನು ನೋಡಿ ನನ್ನ ಎದೆ ಹಗುರಾಯಿತು. ಅಂದು ಚಿಂತಿಸಬೇಕಾಗಿದ್ದುದು ಆ ಮೈಕಿನ ಬಗ್ಗೆ ಮಾತ್ರ, ಅದನ್ನೊಂದು ಬಿಟ್ಟು ಉಳಿದೆಲ್ಲದರ ಬಗ್ಗೆ ಚಿಂತಿಸಿದೆ.

ಆಪರೇಷನ್ ಆಗಿ ಎರಡು ತಿಂಗಳಿಗೆ ಆ ಸಹಾಯಕ ನಿರ್ದೇಶಕ ನನಗೆ ಫೋನ್ ಮಾಡಿದ. "ನಿಮ್ಮ ಫ್ರೆಂಡು ಡಬ್ಬಿಂಗ್‌ಗೆ ಬೆಂಗಳೂರಿಗೆ ಬರ್ಬೇಕಿತ್ತು ಸರ್. ಅವರಿಗೇ ಮಾಡಿದ್ದೆ. ಎತ್ಕೊಂಡ್ರು, ಎಲ್ಲಾ ಕೇಳಿಸ್ಕೊಂಡ್ರು, ಏನೂ ಮಾತಾಡ್ಲಿಲ್ಲ."

ವಿಷಯ ತಿಳಿಸಿದೆ. ಅಂದು ತೆಗೆದುಕೊಂಡ ದನಿಯನ್ನೇ ಇಡಿ ಎಂದು ಬೇಡಿಕೊಂಡೆ. ಅದು ಗುರುತಿಗೆ ತೆಗೆದದ್ದು, ಜನರೇಟರ್ ಸದ್ದೇ ತುಂಬಿದೆ, ಎಲ್ಲರೂ ಆಮೇಲೆ ಸ್ಟುಡಿಯೋದಲ್ಲಿ ಮತ್ತೆ ಮಾತಾಡಬೇಕು ಅಂದ. ಹಾಗಾದರೆ ಆ ಗದ್ದಲದ್ದನ್ನೇ ನನಗೆ ಕಳಿಸಿ ಅಂದೆ. "ನೋಡ್ತೀನಿ ಸರ್" ಅಂದವನು ಮತ್ತೆ ನನ್ನ ಕರೆ ಎತ್ತಲಿಲ್ಲ.

ಇದನ್ನು ಅವರ ಮನೆಯಲ್ಲಿ ನಾನು ಹೇಳಲಿಲ್ಲ. ಆ ಕರೆಯಿಂದ ಅವನಿಗೂ ಗೊತ್ತಿತ್ತು, ಈಗ ಮಾತಿನ ಬದಲು ಹಿಡಿದ ಸ್ಲೇಟಿನ ಮೇಲೂ ಅವನು ಅದನ್ನು ಬರೆಯಲಿಲ್ಲ. ಸಿನಿಮಾ ಯಾವಾಗ ಎಂದು ಆಕೆ ಕೇಳಿದಾಗಲೆಲ್ಲ ನಾವಿಬ್ಬರೂ ನೆಲ ನೋಡುತ್ತಿದ್ದೆವು.

ಕೊನೆಗೆ ಬಂತು. ಮೂವರೂ ಬಸ್ಸು ಹಿಡಿದು ಬೀದರಿಗೆ ಮಧ್ಯಾಹ್ನದ ಆಟಕ್ಕೆ ಹೋದೆವು. ಹಂತಕ ಗಲ್ಲಿಗೆ ಕಾಲಿಟ್ಟ ಕೂಡಲೇ ಆಕೆ ದನಿ ತುಂಬಿಕೊಳ್ಳಲು ತನ್ನ ಫೋನು ಎತ್ತಿ ಹಿಡಿದಳು. ಪರದೆಯ ಮೇಲೆ ಗೆಳೆಯನ ಬಾಯಿ ಆಡಿತು. ಬಂದ ದನಿ ಬೇರೆ ಯಾರದೋ. ನುಣುಪಾದ, ನಮ್ಮ ಮಾತನ್ನು ಬಾಯಿಪಾಠ ಮಾಡಿ ಒಪ್ಪಿಸಿದಂಥ ದನಿ.

ವಿರಾಮದಲ್ಲಿ ಆಕೆ ಮೆಲ್ಲಗೆ ಅಂದಳು: "ಅಣ್ಣಾರ, ಇದು ಇವರ ದನಿ ಅಲ್ರಿ."

"ಥಿಯೇಟರ್ ಸ್ಪೀಕರಿನಾಗ ಹಂಗೇ ಕೇಳ್ತದ ತಂಗಿ. ದೊಡ್ಡ ದೊಡ್ಡ ಹೀರೋಗಳದೇ ಗುರ್ತ ಹತ್ತಂಗಿಲ್ಲ."

ಆಕೆ ಗಂಡನ ಕಡೆ ತಿರುಗಿದಳು. "ಖರೇ ಏನ್ರಿ? ನೀವೇ ಅಂದದ್ದಾ?"

ಅವನು ನನ್ನ ಮುಖ ನೋಡಿದ. ಆಮೇಲೆ ಹೌದೆಂದು ತಲೆಯಾಡಿಸಿದ.

ತಿರುಗಿ ಬರುವಾಗ ಬಸ್ಸಿನಲ್ಲಿ ಆಕೆ ಫೋನನ್ನು ಕಿವಿಗೊತ್ತಿಕೊಂಡು ಮತ್ತೆ ಮತ್ತೆ ಕೇಳಿದಳು. ಭಾಲ್ಕಿ ಹತ್ತಿರಾದಾಗ, "ಚಾ ಕುಡೀರಿ ಅಂತಾರಲ್ಲ, ಅಲ್ಲಿ ಮಾತ್ರ ಜರಾ ಇವರಂಗೇ ಕೇಳ್ತದ್ರಿ" ಅಂದಳು. ಹೌದು ಅಂದೆ. ಅವನು ಕಿಟಕಿಯ ಹೊರಗೆ ನೋಡುತ್ತಿದ್ದ.

ಈಗ ಆಕೆಗೆ ಖಾತ್ರಿಯಾಗಿದೆ. ಮನೆಗೆ ಬಂದವರಿಗೆಲ್ಲ ಕೇಳಿಸುತ್ತಾಳೆ. ಅವನು ಎದುರಿಗೇ ಕೂತು ತಲೆಯಾಡಿಸುತ್ತಾನೆ. ನಿಜ ಹೇಳಬೇಕೆಂದು ಹೋದ ದಿನವೂ ನಾನು ಅದನ್ನು ಇನ್ನೊಮ್ಮೆ ಕೇಳಿ, ಚಹಾ ಕುಡಿದು ಬಂದೆ. ಎಷ್ಟು ಸಲ ಕೇಳಿದ್ದೇನೆಂದರೆ, ಮಂಡಿಯಲ್ಲಿ ರಾಶಿಯ ಮೇಲೆ ನಿಂತ ಗೆಳೆಯನನ್ನು ನೆನಪಿಸಿಕೊಂಡರೆ ಅವನ ಬಾಯಿಂದ ಆ ಬೆಂಗಳೂರಿನ ಡಬ್ಬಿಂಗಿನವನೇ ಸವಾಲು ಕೂಗುತ್ತಾನೆ.