ಎರಡು ಮಾರ್ಕು ಕಡಿದ ಮಾಸ್ತರರು

ಅವರ ಬಲಗಾಲಿನ ಪ್ಯಾಂಟಿನ ತುದಿಗೆ ಬಟ್ಟೆ ಒಣಹಾಕುವ ನೀಲಿ ಕ್ಲಿಪ್ಪೊಂದು ಸದಾ ಕಚ್ಚಿಕೊಂಡಿರುತ್ತಿತ್ತು. ಸೈಕಲ್ಲಿನ ಚೈನಿಗೆ ಪ್ಯಾಂಟು ಸಿಗಬಾರದೆಂದು ಹಾಕಿಕೊಂಡದ್ದು. ಬೇರೆಯವರಾದರೆ ಸೈಕಲ್ ಇಳಿದ ಮೇಲೆ ಅದನ್ನು ತೆಗೆದು ಕಿಸೆಗೆ ಹಾಕಿಕೊಳ್ಳುತ್ತಿದ್ದರು. ನಮ್ಮ ಇಂಗ್ಲಿಷ್ ಮಾಸ್ತರರು ತೆಗೆಯುತ್ತಲೇ ಇರಲಿಲ್ಲ. ಯಾವ ಹುಡುಗನ ಯಾವ ವಾಕ್ಯದ ಮೇಲೆ ಸಂಶಯ ಬರುತ್ತದೋ, ಯಾವ ಹೊತ್ತಿನಲ್ಲಿ ಸೈಕಲ್ ಹತ್ತಿ ಅವನ ಮನೆಗೆ ಹೋಗಬೇಕಾಗುತ್ತದೋ ಅವರಿಗೇ ಗೊತ್ತಿರುತ್ತಿರಲಿಲ್ಲ.

ಹೌದು, ಮನೆಗೇ ಹೋಗುತ್ತಿದ್ದರು. ಸವದತ್ತಿಯ ಆ ಹೈಸ್ಕೂಲಿನಲ್ಲಿ ನಾವು ಪಟ್ಟ ಕಾಟ ಇದು. ಇಂಗ್ಲಿಷಿನ ವಾಕ್ಯ ಬರೆಯಿರಿ ಎಂದು ಊರಿನ ಎಲ್ಲ ಶಾಲೆಗಳಲ್ಲೂ ಹೇಳುತ್ತಾರೆ. ಮಕ್ಕಳು ಗೈಡಿನಿಂದ ಎತ್ತಿ ಬರೆಯುತ್ತಾರೆ, ಮಾಸ್ತರರು ಸರಿ ಗುರುತು ಹಾಕುತ್ತಾರೆ, ಎಲ್ಲರೂ ಸುಖವಾಗಿರುತ್ತಾರೆ. ನಮ್ಮವರಿಗೆ ಮಾತ್ರ ವಾಕ್ಯ ನಿಜವಾಗಿರಬೇಕಿತ್ತು. ವ್ಯಾಕರಣ ಸರಿಯಿದ್ದರೆ ಸಾಲದು, ನಡೆದಿರಬೇಕು. ಭಾರಿ ಮಳೆಯಿದ್ದರೂ ಪಂದ್ಯ ನಡೆಯಿತು ಎಂದು ಒಬ್ಬ ಬರೆದರೆ, "ಯಾ ಪಂದ್ಯಾ? ಗೆದ್ದಾವರ ಯಾರು?" ಎಂದು ಕೇಳುತ್ತಿದ್ದರು.

ಇನ್ನೊಬ್ಬ ಹುಡುಗ, 'ಇನ್ ಫ್ರಂಟ್ ಆಫ್' ಎಂಬುದನ್ನು ಬಳಸಿ, ನಮ್ಮ ಮನೆಯ ಮುಂದೆ ಹೂದೋಟ ಇದೆ ಎಂದು ಬರೆದ. ಸಂಜೆ ಮಾಸ್ತರರು ಅವನ ಮನೆಗೆ ಹೋಗಿ ಅವನನ್ನೇ ಹೊಸ್ತಿಲ ಮೇಲೆ ನಿಲ್ಲಿಸಿದರು.

"ನೆಟ್ಟಗ ನೋಡು. ಏನ ಕಾಣತೈತಿ?"

"ತಿಪ್ಪಿರಿ, ಸರ."

"ಹಂಗಾರ ತಿಪ್ಪಿ ಅಂತ ಬರಿ. ತಿಪ್ಪಿಗೂ ಇಂಗ್ಲಿಷ್ ಐತಿ."

ಆ ಮನೆಯವರು ಒಂದು ವರ್ಷ ಅವರೊಂದಿಗೆ ಮಾತು ಬಿಟ್ಟಿದ್ದರು. ತಮ್ಮ ಮನೆಯ ತಿಪ್ಪೆ ಇಡೀ ಹತ್ತನೆಯ ತರಗತಿಯ ನೋಟುಬುಕ್ಕಿನಲ್ಲಿ ಸೇರಿತು ಎಂದರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ? ನನಗೆ ಈಗಲೂ ಆ ಮನೆಯವರ ಪರವಾಗಿಯೇ ಮಾತಾಡಬೇಕು ಅನ್ನಿಸುತ್ತದೆ.

ಅವರಿಗೆ ಅತಿ ಹೆಚ್ಚು ಹುಚ್ಚಿದ್ದದ್ದು 'ಬಿಕಾಸ್ ಆಫ್' ಮೇಲೆ. ಇಂಥವರಿಂದಾಗಿ, ಇಂಥದರಿಂದಾಗಿ ಎನ್ನುವ ಅರ್ಥದ ಆ ಎರಡು ಮಾತನ್ನು ಅವರು ಜೋಡೆತ್ತು ಎಂದು ಕರೆಯುತ್ತಿದ್ದರು. "ಈ ಜೋಡೆತ್ತಿನ ಹಿಂದ ಒಂದ ಹೆಸರು ಬರಬೇಕು. ಮನಶ್ಯಾರ ಇರಲಿ, ಮಳಿಯರ ಇರಲಿ. ಖಾಲಿ ಗಾಡಿ ಹೊಡಿಯಾಕ ಬರೂದಿಲ್ಲ. ಆದ್ರ ನೆನಪಿಡ್ರಿ, ಮನಶ್ಯಾನ ಹೆಸರು ಬರದ್ರ ಅವನ ಮ್ಯಾಲ ಹೊರಿಸಿದಂಗ. ಹೊರಸೂಕಿಂತ ಮೊದಲ ಅವನ್ನ ಒಂದ ಮಾತ ಕೇಳಿ ಬರ್ರಿ." ಇದನ್ನು ಅವರು ವಾರಕ್ಕೆ ಎರಡು ಸಲವಾದರೂ ಹೇಳುತ್ತಿದ್ದರು. ಎರಡು ಮಾರ್ಕಿನ ಪ್ರಶ್ನೆಗೆ ಊರೆಲ್ಲ ತಿರುಗಿ ಒಪ್ಪಿಗೆ ತರುವವರು ಯಾರು? ನಾವು ಮಳೆ, ಬಿಸಿಲು, ಬಸ್ಸು ಎಂದು ಬರೆದು ಪಾರಾಗುತ್ತಿದ್ದೆವು. ಬಸ್ಸಿನ ಮೇಲೆ ಹೊರಿಸಿದರೂ ಅವರು ಬಸ್‌ಸ್ಟ್ಯಾಂಡಿಗೆ ಹೋಗಿ ವಿಚಾರಿಸಿ ಬಂದದ್ದುಂಟು.

ಆ ವರ್ಷ ದೀಪಾವಳಿ ಮುಗಿದು ವಾರದೊಳಗೆ ನಮ್ಮ ಆಯಿ, ಎಂದರೆ ಅಪ್ಪನ ತಾಯಿ, ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಆರು ತಿಂಗಳು ಹಾಸಿಗೆ ಬಿಟ್ಟು ಏಳಬಾರದು ಎಂದರು ಡಾಕ್ಟರು. ಅಪ್ಪನಿಗೆ ಬಜಾರಿನಲ್ಲಿ ಭಾಂಡೆ ಪಾತ್ರೆಗಳ ಅಂಗಡಿ. ಅವ್ವ ಅಂಗನವಾಡಿ ಕೆಲಸಕ್ಕೆ ಬೆಳಗ್ಗೆಯೇ ಬಸ್ಸು ಹಿಡಿದು ಹಳ್ಳಿಗೆ ಹೋಗಬೇಕು. ಉಳಿದವಳು ನಾನು. "ಈ ವರ್ಷ ಸಾಲಿ ಬಿಡು, ಪರೀಕ್ಷೆ ಮುಂದಿನ ವರ್ಷ ಕೊಟ್ರಾತು" ಎಂದ ಅಪ್ಪ. ಅವನು ಕೆಟ್ಟವನಲ್ಲ. ಆದರೆ ಆ ಮುಂದಿನ ವರ್ಷ ನಮ್ಮ ಓಣಿಯ ಇಬ್ಬರು ಹುಡುಗಿಯರಿಗೆ ಇನ್ನೂ ಬಂದಿರಲಿಲ್ಲ. ಒಬ್ಬಳಿಗೆ ಮದುವೆಯೂ ಆಗಿತ್ತು.

ಸೋಮವಾರದಿಂದ ಶಾಲೆ ಬಿಡುವುದೆಂದು ನಿಶ್ಚಯವಾಯಿತು. ಅದಕ್ಕೂ ಮೊದಲಿನ ಶುಕ್ರವಾರ ಇಂಗ್ಲಿಷ್ ಟೆಸ್ಟ್ ಇತ್ತು. ನಾಲ್ಕನೆಯ ಪ್ರಶ್ನೆ, 'ಬಿಕಾಸ್ ಆಫ್' ಬಳಸಿ ಒಂದು ವಾಕ್ಯ. ನಾನು ಬರೆದೆ: ಬಿಕಾಸ್ ಆಫ್ ಮೈ ಗ್ರಾಂಡ್‌ಮದರ್, ಐ ಆ್ಯಮ್ ಲೀವಿಂಗ್ ಸ್ಕೂಲ್. ನನ್ನ ಆಯಿಯಿಂದಾಗಿ ನಾನು ಶಾಲೆ ಬಿಡುತ್ತಿದ್ದೇನೆ. ಧೈರ್ಯದಿಂದ ಬರೆದದ್ದೆಂದು ಯಾರೂ ತಿಳಿಯಬಾರದು. ಬೇರೆ ಏನು ಬರೆದರೂ ಈ ಮನುಷ್ಯ ತನಿಖೆಗೆ ಹೊರಡುತ್ತಾನೆ, ಇದಂತೂ ಎಲ್ಲರಿಗೂ ಗೊತ್ತಿರುವ ಸತ್ಯ, ಕಾಟ ತಪ್ಪುತ್ತದೆ ಎಂದಷ್ಟೇ ನನ್ನ ಲೆಕ್ಕಾಚಾರ.

ಶನಿವಾರ ಮಾಸ್ತರರು ನನ್ನ ಪೇಪರು ಹಿಡಿದು ಬಂದರು.

"ಕೇಳಿದೇನು ಅವರನ್ನ?"

"ಯಾರನ್ನ್ರಿ, ಸರ?"

"ಹೊರಿಸಿದಿಯಲ್ಲ, ಅವರನ್ನ."

ಆಯಿಯನ್ನು ಏನು ಕೇಳುವುದು? ಅಂದು ಸಂಜೆಯೇ ನಮ್ಮ ಅಂಗಳದಲ್ಲಿ ಸೈಕಲ್ ನಿಂತಿತು. ನನಗೆ ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು. ಅಪ್ಪ ಚಹಕ್ಕೆಂದು ಅಂಗಡಿಯಿಂದ ಬಂದವನು ಕುರ್ಚಿ ಹಾಕಿದ. ಮಾಸ್ತರರು ಕುರ್ಚಿ ಬಿಟ್ಟು ಆಯಿಯ ಕಾಟಿನ, ಎಂದರೆ ಮಂಚದ, ಪಕ್ಕ ನೆಲದ ಮೇಲೆ ಕುಳಿತರು.

"ಆಯೀ, ನಿಮ್ಮ ಮೊಮ್ಮಗಳು ನಿಮ್ಮ ಮ್ಯಾಲ ಒಂದ ವಾಕ್ಯ ಬರದಾಳ್ರಿ. ಖರೇನೋ ಸುಳ್ಳೋ ಕೇಳಿ ಹೋಗಾಕ ಬಂದೇನಿ."

"ಏನಂತ ಬರದಾಳ್ರಿ?"

"ನಿಮ್ಮಿಂದ ಸಾಲಿ ಬಿಡಾಕ ಹತ್ತೇನಿ ಅಂತ."

ಆಯಿ ನನ್ನ ಕಡೆ ತಿರುಗಿ ನೋಡಿದಳು. ಶಾಲೆ ಬಿಡಿಸುವ ಮಾತು ಅವಳ ಕಿವಿಗೆ ಅಲ್ಲಿಯತನಕ ಬಿದ್ದಿರಲೇ ಇಲ್ಲ ಎಂಬುದು ನನಗೆ ಆಗ ಹೊಳೆಯಿತು. ನೋವಿನಲ್ಲಿದ್ದಾಳೆಂದು ಯಾರೂ ಅವಳಿಗೆ ಅದನ್ನು ಹೇಳಿರಲಿಲ್ಲ.

"ಪೆನ್ನಿಲೆ ಬರದಾಳೋ, ಪೆನ್ಸಿಲ್ಲಿಲೆ ಬರದಾಳೋ?" ಎಂದು ಕೇಳಿದಳು.

"ಪೆನ್ನಿಲೇರಿ. ಅಳಸಾಕ ಬರೂದಿಲ್ರಿ."

"ಮತ್ತ ಅದನ್ನ ಮಂದಿ ಓದತಾರ?"

"ಓದತಾರ್ರಿ."

ಅಪ್ಪ ನಡುವೆ ಬಾಯಿ ಹಾಕಿದ. "ಅವ್ವಾ, ಅದು ಟೆಸ್ಟಿಂದು, ನೀ ಮನಸಿಗೆ ಹಚ್ಚಿಕೊಬ್ಯಾಡ. ಸರ, ಅದೇನ ಸುಳ್ಳ ಅಲ್ರಿ. ಸೋಮವಾರದಿಂದ ನಾನ ಬಿಡಸಾಂವ ಅದೇನಿ."

"ಬಿಡಸಾಂವ ನೀನಾದ್ರ ನನ್ನ ಹೆಸರ್ಯಾಕ?" ಎಂದಳು ಆಯಿ. "ನಿನ್ನ ಹೆಸರು ಬರಸು. ನಮ್ಮಪ್ಪನಿಂದ ಸಾಲಿ ಬಿಟ್ಟೆ ಅಂತ ಬರೀಲಿ."

ಮಾಸ್ತರರು ಕಿಸೆಯಿಂದ ಕೆಂಪು ಪೆನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು, ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿದರು. "ಯಾರದ ಹೆಸರು ಹೇಳ್ರಿ, ಅದನ್ನ ಬರಸತೇನಿ. ಖಾಲಿ ಬಿಡಾಕ ಬರೂದಿಲ್ರಿ. ಸೋಮವಾರದ ತನಾ ಟೈಮ್ ಕೊಡತೇನಿ." ಅವ್ವ ಕೊಟ್ಟ ಚಹ ಕುಡಿದರು, ಬಟ್ಟಲು ತಾವೇ ತೊಳೆದಿಟ್ಟರು, ಹೋದರು. ಓದಿಸಿರಿ ಎಂದಾಗಲಿ, ಹುಡುಗಿ ಜಾಣೆ ಎಂದಾಗಲಿ ಒಂದೇ ಒಂದು ಮಾತು ಅವರ ಬಾಯಿಂದ ಬರಲಿಲ್ಲ. ಆಗ ನನಗೆ ಅವರ ಮೇಲೆ ಬಂದ ಸಿಟ್ಟು ಇಷ್ಟಿಷ್ಟಲ್ಲ.

ಭಾನುವಾರ ಇಡೀ ದಿನ ಆಯಿ ಅಪ್ಪನೊಂದಿಗೆ ಮಾತಾಡಲಿಲ್ಲ. ಸಂಜೆ ಒಂದೇ ಮಾತು ಹೇಳಿದಳು: "ನನ್ನ ಕಾಟು ಅಂಗಡಿಗೆ ಒಯ್ರಿ."

ಸೋಮವಾರ ಬೆಳಗ್ಗೆ ಟೆಂಪೋದಲ್ಲಿ ಆಯಿಯನ್ನು ಕಾಟಿನ ಸಮೇತ ಬಜಾರಿಗೆ ಒಯ್ದರು. ಅಂಗಡಿಯ ಹಿಂದಿನ ಮನೆಯ ಹೆಣ್ಣುಮಗಳೊಬ್ಬಳು ಬೇಕಾದಾಗ ಬಂದು ನೋಡಿಕೊಳ್ಳಲು ಒಪ್ಪಿದಳು. ಕೊಡಗಳು, ಪಾತೇಲಿಗಳ ನಡುವೆ ಮಲಗಿ ಆಯಿ ಆರು ತಿಂಗಳು ಗಿರಾಕಿಗಳೊಂದಿಗೆ ಚೌಕಾಸಿ ಮಾಡಿದಳು. ಬಂದವರು ಕಾಟು ಸುತ್ತುಹಾಕಿ ಒಳಗೆ ಹೋಗಬೇಕಿತ್ತು. ಯಾರಾದರೂ ಗೊಣಗಿದರೆ, "ನನ್ನಿಂದ ಯಾರೂ ಏನೂ ಬಿಟ್ಟಿಲ್ಲ, ಅಂತ ನಾಕ ಮಂದಿಗೆ ತಿಳೀಲಿ" ಎನ್ನುತ್ತಿದ್ದಳಂತೆ. ಅಪ್ಪನಿಗೆ ಅವಳ ಚೌಕಾಸಿ ಹಿಡಿಸದೆ ದಿನವೂ ಇಬ್ಬರಿಗೂ ಜಗಳ.

ನಾನು ಶಾಲೆಗೆ ಹೋದೆ. ಮಾಸ್ತರರು ನನ್ನನ್ನು ಕಂಡವರೇ ಪೇಪರು ತೆಗೆದರು. "ಬಂದ್ಯಾ? ಹಂಗಾರ ವಾಕ್ಯ ಸುಳ್ಳಾತು" ಎಂದು ಎರಡು ಮಾರ್ಕು ಕಡಿದರು. ಆ ಎರಡು ಮಾರ್ಕಿನಿಂದ ನನ್ನ ಮೊದಲ ನಂಬರು ಹೋಯಿತು. ಮೊದಲು ಬಂದವರಿಗೆ ಇಟ್ಟಿದ್ದ ಶಾಯಿ ಪೆನ್ನು ಬೇರೆ ಹುಡುಗಿಯ ಪಾಲಾಯಿತು. ಶಾಲೆ ಉಳಿಯಿತೆಂದು ನಾನು ಕುಣಿಯಬೇಕಿತ್ತು. ಪೆನ್ನು ಹೋಯಿತೆಂದು ಮನೆಗೆ ಬರುವವರೆಗೂ ಅತ್ತೆ. ಬರೆದಾಗ ನಿಜವೇ ಇದ್ದ ವಾಕ್ಯ, ಅದನ್ನು ಸುಳ್ಳು ಮಾಡಿದವರು ಮಾಸ್ತರರೇ, ಹೋದ ಮಾರ್ಕು ಮಾತ್ರ ನನ್ನದು. ಯಾವ ನ್ಯಾಯ ಇದು?

ಈಗ ನಾನು ಬೈಲಹೊಂಗಲದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಮಕ್ಕಳು ಮೊಬೈಲಿನಿಂದ ವಾಕ್ಯ ಇಳಿಸಿ ತರುತ್ತಾರೆ. ಮೂವತ್ತು ಪೇಪರಿನಲ್ಲಿ ಒಂದೇ ಮಳೆ, ಒಂದೇ ಪಂದ್ಯ. ನಾನು ಸರಿ ಗುರುತು ಹಾಕಿ ಮುಂದೆ ಹೋಗುತ್ತೇನೆ. ಹಾಗೆ ಹೋದಾಗಲೆಲ್ಲ ಆ ನೀಲಿ ಕ್ಲಿಪ್ಪು ನೆನಪಾಗಿ ಹಿಂಸೆಯಾಗುತ್ತದೆ. ಅವರಿಂದ ನನಗೆ ಇಷ್ಟು ವರ್ಷವಾದರೂ ನೆಮ್ಮದಿಯಿಲ್ಲ.

ಹೋದ ವರ್ಷ ಅವರಿಗೆ ಮೈಯಲ್ಲಿ ಹುಷಾರಿಲ್ಲವೆಂದು ತಿಳಿದು ದೇಗಾಂವಕ್ಕೆ ಹೋದೆ. ನಿವೃತ್ತರಾದ ಮೇಲೆ ಅಲ್ಲೇ ಇದ್ದರು. ಈಗ ಕಾಟಿನ ಮೇಲೆ ಮಲಗಿದವರು ಅವರು. ನೀಲಿ ಕ್ಲಿಪ್ಪು ಗುಳಿಗೆ ಚೀಟಿಗಳನ್ನು ಕಚ್ಚಿಕೊಂಡು ಕಿಟಕಿಯಲ್ಲಿ ಕುಳಿತಿತ್ತು. ನಾನು ಚೀಲದಿಂದ ಆ ಹಳೆಯ ಪೇಪರು ತೆಗೆದೆ. ಅದನ್ನು ಇಷ್ಟು ದಿನ ಇಟ್ಟುಕೊಂಡಿದ್ದೆ, ಸಿಟ್ಟಿನಿಂದಲೇ.

"ಸರ, ನನ್ನ ಎರಡು ಮಾರ್ಕು ಕೊಡ್ರಿ."

ಅವರು ಅದನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. "ಇದು ಈಗೂ ಸುಳ್ಳ ಐತಿ. ಹೊಸಾದು ಬರಿ."

ನಾನು ಅಲ್ಲೇ ಕೆಳಗೆ ಬರೆದೆ: ಬಿಕಾಸ್ ಆಫ್ ಮೈ ಟೀಚರ್, ಐ ಆ್ಯಮ್ ಎ ಟೀಚರ್. ನನ್ನ ಮಾಸ್ತರರಿಂದಾಗಿ ನಾನು ಶಿಕ್ಷಕಿಯಾಗಿದ್ದೇನೆ. ಅದನ್ನು ಓದಿ ಅವರು ಹುಬ್ಬು ಗಂಟಿಕ್ಕಿದರು.

"ಕೇಳಿದೇನು?"

"ಯಾರನ್ನ್ರಿ?"

"ನನ್ನ. ನಾ ಇದನ್ನ ಒಪ್ಪಂಗಿಲ್ಲ. ನಾ ಚಾ ಕುಡದ ಬಂದಾಂವ. ಕಾಟು ಹೊರಿಸಿದಾಕಿ ಯಾರು?"

ಕೆಂಪು ಪೆನ್ನು ಕೇಳಿ ಪಡೆದರು. ಮೊದಲಿನ 'ಟೀಚರ್' ಎಂಬುದನ್ನು ಹೊಡೆದು ಮೇಲೆ 'ಗ್ರಾಂಡ್‌ಮದರ್' ಎಂದು ಬರೆದರು. ನನ್ನ ಆಯಿಯಿಂದಾಗಿ ನಾನು ಶಿಕ್ಷಕಿಯಾಗಿದ್ದೇನೆ.

"ಆಕೀನ ಕೇಳಾಕ ಆಗೂದಿಲ್ರಿ, ಸರ. ಆಕಿ ಹೋಗಿ ಭಾಳ ವರ್ಷಾತು."

"ಆಕಿ ಅವತ್ತ ಪೆನ್ನಿಲೋ ಪೆನ್ಸಿಲ್ಲಿಲೋ ಅಂತ ಕೇಳಿದ್ಲು. ಒಪ್ಪಿಗಿಗೆ ಅಷ್ಟ ಸಾಕು." ಮಗ್ಗುಲಿಗೆ ಎರಡು ಎಂದು ಬರೆದು, ಸುತ್ತ ಗೆರೆ ಎಳೆದರು.

ಅದಾಗಿ ತಿಂಗಳು ತುಂಬುವುದರೊಳಗೆ ಅವರು ತೀರಿಕೊಂಡರು. ಆ ಪೇಪರು ನನ್ನ ಮೇಜಿನಲ್ಲಿದೆ, ಮಾರ್ಕು ಬಂದಿದೆ, ಅವರ ಹೆಸರು ಇರಬೇಕಾದ ಜಾಗದಲ್ಲಿ ಅವರೇ ಹೊಡೆದ ಗೀಟು ಇದೆ. ಕಡೆಗೂ ತಮ್ಮ ಮೇಲೆ ಹೊರಿಸಲು ಬಿಡದೆ ಹೋದರು. ಅದಕ್ಕೇ ಇಲ್ಲಿ, ಕನ್ನಡದಲ್ಲಿ, ಪೆನ್ನಿನಿಂದಲೇ ಬರೆಯುತ್ತಿದ್ದೇನೆ: ನಾನು ಏನಾಗಿದ್ದೇನೋ ಅದು ಆಯಿಯಿಂದ, ಮತ್ತು ಅವರಿಂದ. ಅವರನ್ನು ಕೇಳಿಲ್ಲ. ಬೇಕಾದರೆ ಎರಡು ಮಾರ್ಕು ಕಡಿಯಲಿ.