ತಿಳಿಸಬೇಕು, ತಿಳಿಸಬಹುದು, ನೋಡೋಣ

ಬೆಳಗ್ಗೆ ಇಡ್ಲಿ ಬೇಯಿಸಿದೆ. ಖಾಲಿ ಬಾಟಲಿಗಳನ್ನು ಬಿಳಿ, ಹಸಿರು, ಕಂದು ಅಂತ ಬೇರೆ ಮಾಡಿ ಬೀದಿಯ ಡಬ್ಬಿಗಳಿಗೆ ಹಾಕಿ ಬಂದೆ. ಎದುರುಮನೆಯವರ ಪಾರ್ಸೆಲ್ ತೆಗೆದಿಟ್ಟುಕೊಂಡೆ. ನೆಲಮಾಳಿಗೆಯಿಂದ ಕಡಲೆಕಾಯಿ ಎಣ್ಣೆ ತರುವಾಗ ಮೆಟ್ಟಿಲ ಮೇಲೆ ಚೆಲ್ಲಿದೆ. ಬೈಸಿಕೊಂಡೆ. ಒರೆಸಿದೆ. ಮಧ್ಯಾಹ್ನ, ಉತ್ತರ ಧ್ರುವದ ಸಮುದ್ರವನ್ನು ಕಾಪಾಡುವ ಅಂತಾರಾಷ್ಟ್ರೀಯ ಸಭೆಗೆ ಕಾಫಿ ಮಾಡಿಕೊಟ್ಟೆ.

ನಗಬೇಡಿ. ಸಭೆ ನಡೆದದ್ದು ಜರ್ಮನಿಯ ಹೈಡೆಲ್‌ಬರ್ಗಿನ ನಮ್ಮ ಊಟದ ಮೇಜಿನ ಮೇಲೆಯೇ.

ನನ್ನ ನಾದಿನಿ ವಸುಧಾ ಆಖೆನ್‌ನಲ್ಲಿ ವಿಜ್ಞಾನಿ. ಮಂಜುಗಡ್ಡೆಯ ನಡುವೆ ಹಡಗು ಒಡೆದು ಎಣ್ಣೆ ಸೋರಿದರೆ ಏನಾಗುತ್ತದೆ ಅನ್ನುವುದೇ ಅವಳ ಸಂಶೋಧನೆ. ನಮ್ಮಲ್ಲಿಗೆ ರಜೆಗೆಂದು ಬಂದಿದ್ದಳು. ಜೊತೆಗೆ ಲ್ಯಾಪ್‌ಟಾಪೂ ಬಂದಿತ್ತು. ಅಲ್ಲಿಗೆ ರಜೆ ಮುಗಿಯಿತು.

ಧ್ರುವದ ಸುತ್ತಲಿನ ದೇಶಗಳು ಸೇರಿ, ಇಂಥ ಅವಘಡವಾದರೆ ಯಾರು ಏನು ಮಾಡಬೇಕು ಅಂತ ಒಂದು ಮಾರ್ಗಸೂಚಿ ಬರೆಯುತ್ತಿವೆ. ವಸುಧಾ ಕೂರುವುದು ಜರ್ಮನಿಯ ಪರವಾಗಿ, ಆದರೆ ಜರ್ಮನಿ ಅಲ್ಲಿ ಬರೀ ವೀಕ್ಷಕ. ಅಂದರೆ ಮದುವೆಮನೆಗೆ ಬಂದ ದೂರದ ನೆಂಟ. ಸಾರಿಗೆ ಉಪ್ಪು ಕಮ್ಮಿ ಅನ್ನಬಹುದು, ಸೌಟು ಮುಟ್ಟುವಂತಿಲ್ಲ.

ಹಾಗಿದ್ದೂ ವಸುಧಾ ಅದರೊಳಗೆ ಒಂದೇ ಒಂದು ವಾಕ್ಯ ಸೇರಿಸಲು ವರ್ಷಗಟ್ಟಲೆ ಒದ್ದಾಡಿದ್ದಾಳೆ. ‘ಸುದ್ದಿ ತಿಳಿದ ದೇಶ ಮಿಕ್ಕೆಲ್ಲಕ್ಕಿಂತ ಮೊದಲು ಆ ತೀರದ ಊರಿನವರಿಗೆ ತಿಳಿಸಬೇಕು.’ ಅಷ್ಟೇ. ಆ ನೀರಿಗೆ ಬಲೆ ಬಿಡುವವರು, ಆ ಮೀನನ್ನು ಮಕ್ಕಳಿಗೆ ತಿನ್ನಿಸುವವರು ಅವರು ತಾನೇ? ಇದಕ್ಕೂ ಚರ್ಚೆ ಬೇಕೇ?

ಬೇಕಂತೆ.

ನಾನು ಕಾಫಿ ಇಡಲು ಹೋದಾಗ ಪರದೆಯ ತುಂಬ ಕೋಟುಗಳು. ಮೂಲೆಯ ಚೌಕದಲ್ಲಿ ಮಾತ್ರ ಉಣ್ಣೆಯ ಟೊಪ್ಪಿ ಹಾಕಿದ ಒಬ್ಬ ಹೆಂಗಸು.

‘ಮೀನುಗಾರರ ಊರಿನವ್ರು ಅತ್ತಿಗೆ,’ ವಸುಧಾ ಮೈಕ್ ಆಫ್ ಮಾಡಿ ಹೇಳಿದಳು. ‘ಒಂದ್ಸಲ ಇವರೂರಿಗೆ ಎಣ್ಣೆ ಬಂದಿತ್ತು. ಯಾರೂ ಹೇಳ್ಲಿಲ್ಲ. ಬಲೆ ಕಪ್ಪಾಗಿ ಮೇಲೆ ಬಂದಾಗ್ಲೇ ಗೊತ್ತಾಗಿದ್ದು.’

ಒಂದು ದೇಶಕ್ಕೆ ‘ತಿಳಿಸಬೇಕು’ ಅನ್ನುವುದು ಅಪ್ಪಣೆಯಂತೆ ಕೇಳಿಸಿತಂತೆ. ಇನ್ನೊಂದಕ್ಕೆ, ಖಚಿತವಾಗುವ ಮೊದಲೇ ಹೇಳಿದರೆ ಜನ ಗಾಬರಿಯಾಗುತ್ತಾರೆಂಬ ಚಿಂತೆ. (ಎಂಥ ಕರುಣೆ!) ಮತ್ತೊಂದರ ತಕರಾರು ಬರೀ ಅಲ್ಪವಿರಾಮದ ಮೇಲೆ. ಕೊನೆಗೆ ಅಧ್ಯಕ್ಷರು ಬೆಣ್ಣೆಯಂಥ ದನಿಯಲ್ಲಿ ತಿದ್ದಿದರು: ‘ಸೂಕ್ತವೆನಿಸಿದಲ್ಲಿ ತಿಳಿಸಬಹುದು.’

ಟೊಪ್ಪಿಯ ಹೆಂಗಸು ಕೈ ಎತ್ತಿದರು. ‘ಸರಿ. ಹಾಗಾದರೆ ನನಗೆ ಫೋನ್ ಮಾಡುವವರು ಯಾರು?’

‘ಬಹಳ ಮುಖ್ಯವಾದ ಪ್ರಶ್ನೆ,’ ಅಂದರು ಅಧ್ಯಕ್ಷರು. ‘ಮುಂದಿನ ಸಭೆಯಲ್ಲಿ ಪರಿಶೀಲಿಸೋಣ.’

ಆಕೆಗೆ ಅರ್ಥವಾಗಲಿಲ್ಲ. ನನಗೆ ತಕ್ಷಣ ಅರ್ಥವಾಯಿತು.

‘ನೋಡೋಣ ಅಂದ್ರು ಕಣೇ,’ ಅಂದೆ ವಸುಧಾಗೆ.

ನಮ್ಮಲ್ಲಿ ‘ನೋಡೋಣ’ಕ್ಕೂ ನೋಡುವುದಕ್ಕೂ ಏನು ಸಂಬಂಧ? ಗೃಹಪ್ರವೇಶಕ್ಕೆ ಕರೆದಾಗ ‘ನೋಡೋಣ’ ಅಂದವರಿಗೆ ಯಾರಾದರೂ ಎಲೆ ಹಾಕಿಸಿದ್ದುಂಟೇ? ಅಷ್ಟೊಂದು ದೇಶಗಳು, ಅಷ್ಟೊಂದು ದುಭಾಷಿಗಳು ಸೇರಿ ಕಡೆಗೆ ಒಮ್ಮತದಿಂದ ಒಪ್ಪಿಕೊಂಡದ್ದು ಒಂದು ಅಚ್ಚಗನ್ನಡ ಪದವನ್ನು!

ವಸುಧಾ ಮೈಕ್ ಆನ್ ಮಾಡಿ, ‘ಬೇಕು’ ಉಳಿಯಲಿ ಅಂತ ಇನ್ನೊಮ್ಮೆ ಕೇಳಿದಳು. ವೀಕ್ಷಕರ ಅಭಿಪ್ರಾಯಕ್ಕೆ ಧನ್ಯವಾದ ಬಂತು. ನೋಡಲು ಬಂದವಳು ನೋಡುತ್ತಿರಬೇಕು. (ಅಲ್ಲಿ ಮಾತ್ರ ‘ಬೇಕು’ ಭದ್ರವಾಗಿದೆ, ಗಮನಿಸಿ.)

ಬೆಳಗ್ಗೆ ನಾನು ಎಣ್ಣೆ ಚೆಲ್ಲಿದಾಗ ಕೆಳಮನೆಯ ಅಜ್ಜಿ ಏನು ಮಾಡಿದರು ಗೊತ್ತೇ? ಮೊದಲು ಎಲ್ಲ ಮನೆಗಳ ಬೆಲ್ ಒತ್ತಿ, ‘ಫೋರ್‌ಜಿಖ್ಟ್! ಫೋರ್‌ಜಿಖ್ಟ್!’ ಹುಷಾರು, ಹುಷಾರು ಅಂತ ಕಟ್ಟಡ ನಡುಗುವಂತೆ ಕೂಗಿದರು. ಆಮೇಲೆ ನನಗೆ ಬೈದರು. ಈ ವಾರ ಮೆಟ್ಟಿಲು ಗುಡಿಸುವ ಸರದಿ ಯಾರದು ಅನ್ನುವ ಜಗಳ (ಈ ದೇಶದಲ್ಲಿ ಅದು ಸಣ್ಣ ಜಗಳವಲ್ಲ) ಎಲ್ಲಕ್ಕಿಂತ ಕಡೆಗೆ. ಯಾವುದು ಮೊದಲು, ಯಾವುದು ಆಮೇಲೆ ಅಂತ ತಿಳಿಯಲು ಆಕೆಗೆ ಮಾರ್ಗಸೂಚಿ ಬೇಕಾಗಲಿಲ್ಲ.

ಸಭೆ ‘ಅತ್ಯುತ್ತಮ ಸಹಕಾರದ ವಾತಾವರಣದಲ್ಲಿ’ ಮುಗಿಯಿತು. ಕೋಟುಗಳು ಕೈ ಬೀಸಿ ಒಂದೊಂದೇ ಮಾಯವಾದವು. ಟೊಪ್ಪಿಯ ಹೆಂಗಸು ಮಾತ್ರ ಕೂತೇ ಇದ್ದರು, ಯಾರಾದರೂ ಉತ್ತರ ಹೇಳಿಯಾರು ಅಂತ.

‘ನಿಮ್ಮ ನಂಬರ್ ಕೊಡಿ,’ ಅಂದಳು ವಸುಧಾ. ‘ನಾನು ಮಾಡುತ್ತೇನೆ.’

ಆಕೆ ಒಂದೊಂದೇ ಅಂಕಿ ಹೇಳಿದರು. ಇವಳು ಫೋನಿಗೆ ಒತ್ತಿಕೊಂಡಳು.

‘ಎಣ್ಣೆ ಸೋರಿದ್ದು ನಿನಗೆ ಯಾರೇ ಹೇಳ್ತಾರೆ?’ ಅಂತ ಕೇಳಿದೆ.

‘ಯಾರೂ ಇಲ್ಲ. ಸ್ಯಾಟಲೈಟ್ ಚಿತ್ರ ದಿನಾ ನೋಡ್ತೀನಲ್ಲ ಅತ್ತಿಗೆ. ಮೋಡ ಇಲ್ದಿದ್ರೆ ಕಾಣುತ್ತೆ.’

‘ಮೋಡ ಇದ್ರೆ?’

ಅವಳು ಲ್ಯಾಪ್‌ಟಾಪ್ ಮುಚ್ಚಿದಳು.

ರಾತ್ರಿ ಟೊಮೆಟೊ ಸಾರು, ಅನ್ನ, ಬೀನ್ಸ್ ಪಲ್ಯ. ನಮ್ಮ ಯಜಮಾನರು ಮತ್ತೆ ಮತ್ತೆ ಸಾರು ಹಾಕಿಸಿಕೊಂಡರು. ವಸುಧಾ ಮೊಸರನ್ನವನ್ನು ಅರ್ಧಕ್ಕೇ ಬಿಟ್ಟಳು. ಮೊದಲು ನಿದ್ದೆ ಹೋದವಳೂ ಅವಳೇ, ಫೋನನ್ನು ಕಿವಿಯ ಪಕ್ಕ ಇಟ್ಟುಕೊಂಡು. ಇಷ್ಟೆಲ್ಲ ದೇಶಗಳ ಸಹಕಾರದ ಫಲವಾಗಿ ಆ ತೀರಕ್ಕೆ ಸಿಕ್ಕಿರುವ ಏಕೈಕ ಅಪಾಯ ಮುನ್ಸೂಚನಾ ವ್ಯವಸ್ಥೆ ನಮ್ಮ ಸೋಫಾದ ಮೇಲೆ ಸಣ್ಣಗೆ ಗೊರಕೆ ಹೊಡೆಯುತ್ತಿತ್ತು.